ಗುಂಡು, ಗುರಿ, ಗಣಿತ

ಗುರಿಯಿಟ್ಟು ಹೊಡೆಯಬೇಕೆಂಬ ಆಸೆ ಮನುಷ್ಯನಿಗೆ ಬಹು ಹಳೆಯದು. ಮಾವಿನ ಮರಕ್ಕೆ ಕಲ್ಲು ಬೀರದ ಬಾಲ್ಯವುಂಟೆ? ಕಲ್ಲು ಹೋಗಿ ಕವಣೆ ಬಂದಿತು, ಕವಣೆ ಹೋಗಿ ಬಿಲ್ಲು ಬಂದಿತು, ಬಿಲ್ಲಿನ ತರುವಾಯ ಕೋವಿ ಬಂದಿತು. ಉಪಕರಣ ಬದಲಾದರೂ ಆಸೆ ಬದಲಾಗಲಿಲ್ಲ. ನಮ್ಮ ಕೊಡಗಿನಲ್ಲಿ ಕೈಲ್ ಪೊಳ್ದ್ ಹಬ್ಬದಂದು ಆಯುಧಗಳನ್ನು ಪೂಜಿಸಿ, ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಡೆಸುವುದು ರೂಢಿ. ಅಮೆರಿಕದ ಒಹಾಯೊ ಪ್ರಾಂತದ ಕ್ಯಾಂಪ್ ಪೆರಿ ಎಂಬ ಬಯಲು 1907ರಿಂದ ಅಲ್ಲಿಯ ರಾಷ್ಟ್ರೀಯ ಗುರಿಪಂದ್ಯಗಳಿಗೆ ಹೆಸರಾಗಿದೆ. ಆ ದೇಶದ ಹವ್ಯಾಸಿಗಳಲ್ಲಿ ಇನ್ನೂ ಒಂದು ಅಭ್ಯಾಸವುಂಟು. ಹೊಡೆದು ಖಾಲಿಯಾದ ತೋಟಾಗಳನ್ನು ಅವರು ಎಸೆಯುವುದಿಲ್ಲ. ಮನೆಯ ಮೇಜಿನ ಮೇಲೆ ಅವನ್ನು ಮತ್ತೆ ತುಂಬಿ ಬಳಸುತ್ತಾರೆ. ಈ ಮರುತುಂಬಿಕೆಯೇ ಅಲ್ಲಿ ಒಂದು ದೊಡ್ಡ ಹವ್ಯಾಸವಾಗಿ ಬೆಳೆದಿದೆ.

ಒಬ್ಬನು ರಿವಾಲ್ವರನ್ನು ಹಿಡಿದು 25 ಮೀಟರು ದೂರದ ಕಾಗದದ ಗುರಿಗೆ ಐದು ಗುಂಡುಗಳನ್ನು ಹೊಡೆದನೆನ್ನೋಣ. ಆಯುಧ ಒಂದೇ, ಕೈ ಒಂದೇ, ಗುರಿಯೂ ಒಂದೇ. ಆದರೂ ಐದೂ ಗುಂಡುಗಳು ಒಂದೇ ತೂತಿನಲ್ಲಿ ಹಾಯುವುದಿಲ್ಲ. ಒಂದು ಮೇಲೆ, ಒಂದು ಕೆಳಗೆ, ಒಂದು ಪಕ್ಕಕ್ಕೆ ಬೀಳುತ್ತವೆ. ಈ ವ್ಯತ್ಯಾಸ ಎಲ್ಲಿ ಹುಟ್ಟಿತು? ತೋಟಾದಲ್ಲಿಯೊ, ಕೈಯಲ್ಲಿಯೊ? ಮರುತುಂಬುವವನಿಗೂ ಗುರಿಕಾರನಿಗೂ ಇದೇ ಮುಖ್ಯವಾದ ಪ್ರಶ್ನೆ. ಶಾಲೆಯಲ್ಲಿ ಕಲಿತ ನ್ಯೂಟನನ ನಿಯಮಗಳೇ ಇದಕ್ಕೆ ಉತ್ತರ ಕೊಡಬಲ್ಲವು ಎಂಬುದನ್ನು ಮುಂದೆ ನೋಡೋಣ.

ತೋಟಾದ ನಾಲ್ಕು ಅಂಗಗಳು

ತೋಟಾದಲ್ಲಿ ನಾಲ್ಕು ಅಂಗಗಳಿವೆ: ಹಿತ್ತಾಳೆಯ ಕೋಶ, ಅದರ ತಳದಲ್ಲಿ ಕೂರುವ ಕೇಪು, ಒಳಗಿನ ಮದ್ದು, ಬಾಯಿಗೆ ಬಿಗಿದ ಗುಂಡು. ಟ್ರಿಗರನ್ನು ಎಳೆದಾಗ ಒಂದು ಮೊನೆ ಕೇಪನ್ನು ಬಡಿಯುತ್ತದೆ. ಕೇಪಿನೊಳಗಿನ ರಾಸಾಯನಿಕ ಆ ಪೆಟ್ಟಿಗೆ ಕಿಡಿಯಾಗುತ್ತದೆ. ಕಿಡಿ ತೂತಿನ ಮೂಲಕ ಹಾಯ್ದು ಮದ್ದನ್ನು ಹೊತ್ತಿಸುತ್ತದೆ. ಮದ್ದು ಅನಿಲವಾಗಿ ಗುಂಡನ್ನು ತಳ್ಳುತ್ತದೆ.

ನಾಲ್ಕರಲ್ಲಿ ಮತ್ತೆ ಬಳಸಲು ಬರುವುದು ಕೋಶವೊಂದೇ. ತೋಟಾದ ಬೆಲೆಯಲ್ಲಿ ದೊಡ್ಡ ಪಾಲು ಅದರದೇ ಆದ್ದರಿಂದ ಮರುತುಂಬುವ ಹವ್ಯಾಸಕ್ಕೆ ಮಿತವ್ಯಯವೇ ಮೊದಲ ಕಾರಣವಾಯಿತು. ಕೋಶಕ್ಕೆ ಬಳಸುವ ಹಿತ್ತಾಳೆಯಲ್ಲಿ 100ಕ್ಕೆ 70 ಪಾಲು ತಾಮ್ರ, 30 ಪಾಲು ಸತುವು. ಈ ಮಿಶ್ರಣವನ್ನು ಆರಿಸಿದುದಕ್ಕೆ ಕಾರಣವಿದೆ. ಅನಿಲದ ಒತ್ತಡಕ್ಕೆ ಕೋಶ ಹಿಗ್ಗಿ ಆಯುಧದ ಗೂಡಿನ ಗೋಡೆಗೆ ಅಂಟಿಕೊಳ್ಳಬೇಕು. ಇಲ್ಲದಿದ್ದರೆ ಬಿಸಿ ಅನಿಲ ಹಿಂದಕ್ಕೆ ನುಗ್ಗೀತು. ಒತ್ತಡ ಇಳಿದೊಡನೆ ಅದೇ ಕೋಶ ಸ್ವಲ್ಪ ಕುಗ್ಗಬೇಕು; ಇಲ್ಲದಿದ್ದರೆ ಹೊರಕ್ಕೆ ಬಾರದು. ಹಿಗ್ಗುವಷ್ಟು ಮೆತುತನ, ಕುಗ್ಗುವಷ್ಟು ಸ್ಥಿತಿಸ್ಥಾಪಕತ್ವ—ಈ ಎರಡು ಗುಣಗಳೂ ಈ ಹಿತ್ತಾಳೆಯಲ್ಲಿ ಹದವಾಗಿ ಕೂಡಿವೆ. ಆದರೆ ತಂತಿಯನ್ನು ಮತ್ತೆ ಮತ್ತೆ ಬಗ್ಗಿಸಿದರೆ ಅದು ಗಡಸಾಗಿ ಮುರಿಯುವುದಷ್ಟೆ? ಕೋಶದ ಗತಿಯೂ ಅದೇ. ಹಲವು ಸಲ ಬಳಸಿದ ಮೇಲೆ ಬಾಯಿಯ ಅಂಚಿನಲ್ಲಿ ಬಿರುಕು ಕಾಣಿಸಿಕೊಳ್ಳುತ್ತದೆ, ಅಂಥದನ್ನು ಬಿಸಾಡಬೇಕು.

ಕೇಪಿನ ಚರಿತ್ರೆಯಲ್ಲಿ ಒಂದು ವಿನೋದವಿದೆ. 1866ರ ಸುಮಾರಿಗೆ ಇಂಗ್ಲೆಂಡಿನ ಬಾಕ್ಸರ್, ಅಮೆರಿಕದ ಬರ್ಡನ್ ಎಂಬ ಇಬ್ಬರು ಸೈನ್ಯಾಧಿಕಾರಿಗಳು ಬೇರೆ ಬೇರೆಯಾಗಿ ಎರಡು ಬಗೆಯ ಕೇಪುಗಳನ್ನು ರೂಪಿಸಿದರು. ಕಾಲಕ್ರಮದಲ್ಲಿ ಇಂಗ್ಲಿಷನ ಕೇಪು ಅಮೆರಿಕದಲ್ಲಿಯೂ ಅಮೆರಿಕನ ಕೇಪು ಯೂರೋಪಿನಲ್ಲಿಯೂ ನೆಲೆಯೂರಿದವು. ಬಾಕ್ಸರನ ವ್ಯವಸ್ಥೆಯಲ್ಲಿ ಕಿಡಿ ಹಾಯಲು ಕೋಶದ ತಳದ ನಡುವೆ ಒಂದೇ ತೂತಿರುತ್ತದೆ. ಆ ತೂತಿನೊಳಗೆ ಒಂದು ಕಡ್ಡಿಯನ್ನು ತೂರಿಸಿ ಹಳೆಯ ಕೇಪನ್ನು ಸುಲಭವಾಗಿ ಹೊರದೂಡಬಹುದು. ಬರ್ಡನನ ಕೋಶದಲ್ಲಿ ಸಾಮಾನ್ಯವಾಗಿ ಎರಡು ಸಣ್ಣ ತೂತುಗಳು ಓರೆಯಾಗಿರುವುದರಿಂದ ಈ ಉಪಾಯ ನಡೆಯದು. ಅಮೆರಿಕದಲ್ಲಿ ಮರುತುಂಬಿಕೆ ಮನೆಮನೆಯ ಹವ್ಯಾಸವಾಗಲು ಈ ಒಂದು ತೂತು ಬಹಳ ನೆರವಾಯಿತು. ಒಲಿಂಪಿಕ್ಸಿನ 25 ಮೀಟರು ಪಿಸ್ತೂಲು ಸ್ಪರ್ಧೆಗಳಲ್ಲಿ ಬಳಸುವ 5.6 ಮಿಲಿಮೀಟರಿನ ಚಿಕ್ಕ ತೋಟಾದಲ್ಲಾದರೋ ಪ್ರತ್ಯೇಕವಾದ ಕೇಪೇ ಇಲ್ಲ. ಕಿಡಿಯ ರಾಸಾಯನಿಕ ಕೋಶದ ಅಂಚಿನ ಮಡಿಕೆಯೊಳಗೆ ಅಡಗಿರುತ್ತದೆ. ಆದ್ದರಿಂದ ಅದನ್ನು ಮರುತುಂಬುವ ರೂಢಿಯೇ ಇಲ್ಲ.

ಮದ್ದು ಉರಿಯುವ ಬಗೆ

ತೋಟಾದ ಮದ್ದು ಸಿಡಿಯುತ್ತದೆ ಎಂದು ನಾವು ಆಡುಮಾತಿನಲ್ಲಿ ಹೇಳುತ್ತೇವೆ. ವಾಸ್ತವವಾಗಿ ಅದು ಉರಿಯುತ್ತದೆ, ಆದರೆ ಅತಿ ಶೀಘ್ರವಾಗಿ ಉರಿಯುತ್ತದೆ. ಹಳೆಯ ಕರಿಮದ್ದು ಉರಿದಾಗ ಅರ್ಧಕ್ಕಿಂತ ಹೆಚ್ಚು ಭಾಗ ಘನಪದಾರ್ಥವಾಗಿಯೇ ಉಳಿದು ದಟ್ಟ ಹೊಗೆಯಾಗುತ್ತಿತ್ತು. 1884ರಲ್ಲಿ ಫ್ರಾನ್ಸಿನ ಪೋಲ್ ವಿಯೇ ಎಂಬ ರಸಾಯನಜ್ಞನು ನೈಟ್ರೋಸೆಲ್ಯುಲೋಸಿನಿಂದ ಹೊಗೆಯಿಲ್ಲದ ಮದ್ದನ್ನು ತಯಾರಿಸಿದನು. ಇದು ಬಹುಮಟ್ಟಿಗೆ ಪೂರ್ತಿಯಾಗಿ ಅನಿಲವಾಗಿಬಿಡುತ್ತದೆ.

ಇಲ್ಲೊಂದು ಆಶ್ಚರ್ಯವಿದೆ. ಒಂದು ಗ್ರಾಮು ಸೀಮೆಎಣ್ಣೆ ಉರಿದರೆ ಹೊರಬೀಳುವ ಶಾಖ, ಒಂದು ಗ್ರಾಮು ಮದ್ದು ಉರಿದಾಗ ಬರುವುದರ ಸುಮಾರು ಹತ್ತರಷ್ಟು! ಹಾಗಾದರೆ ದೀಪದ ಎಣ್ಣೆ ಗುಂಡನ್ನು ಹಾರಿಸದೇಕೆ? ಎಣ್ಣೆಗೆ ಹೊರಗಿನ ಗಾಳಿಯಿಂದ ಆಮ್ಲಜನಕ ಬೇಕು. ಅದು ಬಂದಷ್ಟೇ ಉರಿಯುತ್ತದೆ. ಮದ್ದಿನ ಅಣುವಿನಲ್ಲಿ ಆಮ್ಲಜನಕ ಕೂಡಿಕೊಂಡೇ ಇರುವುದರಿಂದ ಅದು ಯಾರಿಗೂ ಕಾಯಬೇಕಾಗಿಲ್ಲ.

ವಿಯೇ ಇನ್ನೊಂದು ಮುಖ್ಯ ನಿಯಮವನ್ನೂ ಕಂಡುಹಿಡಿದನು. ಸುತ್ತಲಿನ ಒತ್ತಡ ಹೆಚ್ಚಿದಂತೆ ಮದ್ದಿನ ಕಣಗಳು ಉರಿಯುವ ವೇಗವೂ ಹೆಚ್ಚುತ್ತದೆ. ಇದರ ಅರ್ಥವನ್ನು ಯೋಚಿಸಿ ನೋಡಿ. ಉರಿದರೆ ಅನಿಲ; ಅನಿಲದಿಂದ ಒತ್ತಡ; ಒತ್ತಡದಿಂದ ಇನ್ನೂ ವೇಗವಾದ ಉರಿ; ಅದರಿಂದ ಇನ್ನೂ ಹೆಚ್ಚು ಅನಿಲ! ಈ ಸರಪಣಿಗೆ ಒಂದೇ ಕಡಿವಾಣವೆಂದರೆ ಗುಂಡು ಮುಂದೆ ಸರಿದು ಅನಿಲಕ್ಕೆ ಸ್ಥಳ ಬಿಟ್ಟುಕೊಡುವುದು. ಆದ್ದರಿಂದಲೇ ಮದ್ದನ್ನು ಎರಡು ಪಟ್ಟು ಮಾಡಿದರೆ ಒತ್ತಡ ಎರಡು ಪಟ್ಟಿಗೆ ನಿಲ್ಲುವುದಿಲ್ಲ. ಅದಕ್ಕೂ ಬಹಳ ಮೀರಿ ಏರುತ್ತದೆ. ಗುಂಡನ್ನು ಕೋಶದೊಳಕ್ಕೆ ತುಸು ಆಳವಾಗಿ ತಳ್ಳಿದರೂ ಒಳಗಿನ ಜಾಗ ಕಿರಿದಾಗಿ ಒತ್ತಡ ಏರುತ್ತದೆ. ಕಣಗಳ ಗಾತ್ರವೂ ಮುಖ್ಯ. ಕೊರಡು ಒಲೆಯಲ್ಲಿ ಮೆಲ್ಲಗೆ ಉರಿಯುತ್ತದೆ. ಅದನ್ನೇ ಚಕ್ಕೆಯಾಗಿ ಸಿಗಿದಿಟ್ಟರೆ ಭಗ್ಗನೆ ಉರಿದುಹೋಗುತ್ತದೆ. ಪಿಸ್ತೂಲಿನ ಮದ್ದು ಚಕ್ಕೆಯಂತೆ, ಉದ್ದ ಕೋವಿಯ ಮದ್ದು ಕೊರಡಿನಂತೆ. ಒಂದರ ಸ್ಥಾನದಲ್ಲಿ ಇನ್ನೊಂದನ್ನು ತುಂಬುವುದು ಅನಾಹುತಕ್ಕೆ ಆಹ್ವಾನ.

ಮರುತುಂಬುವ ಕ್ರಮ

ಅಮೆರಿಕದ ಹವ್ಯಾಸಿ ಮಾಡುವ ಕೆಲಸದ ಕ್ರಮ ಹೀಗಿದೆ. ಮೊದಲು ಖಾಲಿ ಕೋಶಗಳನ್ನು ಶುಚಿಮಾಡಿ ಒಂದೊಂದನ್ನೂ ಬೆಳಕಿಗೆ ಹಿಡಿದು ಬಿರುಕು ನೋಡುತ್ತಾನೆ. ಆಮೇಲೆ ಸನ್ನೆಕೋಲಿನ ಯಂತ್ರದಲ್ಲಿ ಕೋಶವನ್ನು ಉಕ್ಕಿನ ಅಚ್ಚಿನೊಳಕ್ಕೆ ಒತ್ತುತ್ತಾನೆ. ಹಿಗ್ಗಿದ ಕೋಶ ಮೊದಲಿನ ಅಳತೆಗೆ ಬರುತ್ತದೆ, ಹಳೆಯ ಕೇಪು ಹೊರಬೀಳುತ್ತದೆ. ಹೊಸ ಕೇಪನ್ನು ಕೂರಿಸಿ, ಬಾಯಿಯನ್ನು ಕೊಂಚ ಅಗಲಿಸಿ, ಅಳೆದ ಮದ್ದನ್ನು ಸುರಿದು, ಗುಂಡನ್ನು ನಿಗದಿಯಾದ ಆಳಕ್ಕೆ ಕೂರಿಸಿ, ಬಾಯನ್ನು ಬಿಗಿಮಾಡುತ್ತಾನೆ. ಕೊನೆಗೆ ತೋಟಾದ ಒಟ್ಟು ಉದ್ದವನ್ನು ಅಳೆಯುತ್ತಾನೆ.

ಕೇಳಲು ಸುಲಭವಾದ ಈ ಕೆಲಸದಲ್ಲಿ ಎಚ್ಚರ ತಪ್ಪುವಂತಿಲ್ಲ. ತೂಕದ ಮಾನ ಅಲ್ಲಿ ಗ್ರೇನು. ಒಂದು ಗ್ರೇನೆಂದರೆ ಸುಮಾರು 65 ಮಿಲಿಗ್ರಾಮು. ನಮ್ಮ ಅಕ್ಕಸಾಲಿಗರ ಒಂದು ಗುಲಗಂಜಿ ಹೆಚ್ಚು ಕಡಿಮೆ ಎರಡು ಗ್ರೇನು ತೂಗುತ್ತದೆ. ಮರುತುಂಬುವವನ ತಕ್ಕಡಿ ಗ್ರೇನಿನ ಹತ್ತನೆಯ ಒಂದು ಪಾಲನ್ನು, ಅಂದರೆ ಗುಲಗಂಜಿಯ ಇಪ್ಪತ್ತನೆಯ ಒಂದು ಪಾಲನ್ನು, ತೋರಿಸಬೇಕು! ಎಷ್ಟು ಮದ್ದು ತುಂಬಬೇಕೆಂಬುದನ್ನು ಅವನು ಊಹಿಸುವುದಿಲ್ಲ. ಮದ್ದಿನ ತಯಾರಕರು ಒತ್ತಡವನ್ನು ಅಳೆದು ಪ್ರಕಟಿಸಿದ ಕೋಷ್ಟಕವನ್ನು ನೋಡುತ್ತಾನೆ. ಅದರಲ್ಲಿಯೂ ಕೆಳಗಿನ ಅಂಕಿಯಿಂದಲೇ ಆರಂಭಿಸುತ್ತಾನೆ.

ಪಾಯಿಂಟ್ 38 ಸ್ಪೆಷಲ್ ಎಂಬ ಪ್ರಸಿದ್ಧವಾದ ರಿವಾಲ್ವರ್ ತೋಟಾ ಕರಿಮದ್ದಿನ ಕಾಲದ ತೋಟಾದ ವಂಶದ್ದು. ಬಹಳ ಜಾಗ ಹಿಡಿಯುತ್ತಿದ್ದ ಕರಿಮದ್ದಿಗೆ ಹೊಂದುವಂತೆ ಅದರ ಕೋಶ ಉದ್ದವಾಗಿದೆ. ಇಂದು ಗುರಿಪಂದ್ಯಕ್ಕೆ ಅದರಲ್ಲಿ ತುಂಬುವ ಹೊಗೆಯಿಲ್ಲದ ಮದ್ದು ಅರ್ಧ ಗ್ರಾಮಿಗೂ ಕಡಿಮೆ. ಕೋಶದ ಬಹುಭಾಗ ಬರಿದಾಗಿಯೇ ಉಳಿಯುತ್ತದೆ. ಆದ್ದರಿಂದ ಮಾತಿನ ಭರದಲ್ಲಿ ಒಂದೇ ಕೋಶಕ್ಕೆ ಎರಡು ಬಾರಿ ಮದ್ದು ಸುರಿದರೂ ಅದು ಉಕ್ಕಿ ಹೊರಗೆ ಚೆಲ್ಲಿ ಎಚ್ಚರಿಸುವುದಿಲ್ಲ. ಸುರಿಯುವುದನ್ನು ಮರೆತರೆ ಇನ್ನೊಂದು ಬಗೆಯ ಅಪಾಯ. ಕೇಪಿನ ಬಲವೊಂದೇ ಗುಂಡನ್ನು ನಳಿಕೆಯ ನಡುವಿನವರೆಗೆ ತಳ್ಳಿ ಅಲ್ಲಿಯೇ ಸಿಕ್ಕಿಸಬಹುದು. ಅದರ ಹಿಂದೆ ಮತ್ತೊಂದು ಗುಂಡು ಬಂದರೆ ನಳಿಕೆಯೇ ಒಡೆದೀತು. ಈ ಕಾರಣದಿಂದ ಬಲ್ಲವರು ಕೋಶಗಳನ್ನು ಹಲಗೆಯ ಕುಳಿಗಳಲ್ಲಿ ಸಾಲಾಗಿ ನಿಲ್ಲಿಸಿ, ಗುಂಡು ಕೂರಿಸುವ ಮುನ್ನ ದೀಪ ಹಿಡಿದು ಪ್ರತಿಯೊಂದರೊಳಗೂ ಇಣಿಕಿ ನೋಡುತ್ತಾರೆ. ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಬಗೆಯ ಮದ್ದನ್ನು ಇಡುತ್ತಾರೆ. ಸೀಸ ವಿಷವಾದುದರಿಂದ ಅಲ್ಲಿ ತಿಂಡಿಯನ್ನು ಇಡುವುದಿಲ್ಲ. ಕೆಲಸ ಮುಗಿದ ಮೇಲೆ ಕೈತೊಳೆಯುವುದನ್ನು ಮರೆಯುವುದಿಲ್ಲ.

ನಳಿಕೆಯೊಳಗಿನ ಕ್ಷಣ

ಈಗ ಸ್ವಲ್ಪ ಲೆಕ್ಕ ಮಾಡೋಣ. ಗುಂಡಿನ ತೂಕ 10 ಗ್ರಾಮು, ಹೊರಬೀಳುವ ವೇಗ ಸೆಕೆಂಡಿಗೆ 230 ಮೀಟರು, ನಳಿಕೆಯ ಉದ್ದ 15 ಸೆಂಟಿಮೀಟರು ಎಂದಿಟ್ಟುಕೊಳ್ಳಿ. ಪಾಯಿಂಟ್ 38 ಸ್ಪೆಷಲ್ ತೋಟಾಕ್ಕೆ ಇವು ಸಹಜವಾದ ಅಂಕಿಗಳು. ಗುಂಡಿನ ಚಲನಶಕ್ತಿ ಸುಮಾರು 265 ಜೌಲ್. ವೇಗೋತ್ಕರ್ಷ ಸಮವಾಗಿದೆಯೆಂದು ಭಾವಿಸಿದರೆ ಅದು ಗುರುತ್ವದ ವೇಗೋತ್ಕರ್ಷದ ಸುಮಾರು 18,000 ಪಟ್ಟಾಗುತ್ತದೆ. ಗುಂಡು ನಳಿಕೆಯಲ್ಲಿರುವ ಕಾಲ ಸೆಕೆಂಡಿನ ಸಾವಿರದ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು. ಗುಂಡಿನ ಹಿಂಬದಿಯ ಮೇಲಿನ ಸರಾಸರಿ ಒತ್ತಡ ವಾಯುಮಂಡಲದ ಒತ್ತಡದ ಸುಮಾರು 270 ಪಟ್ಟು. ವಾಸ್ತವದಲ್ಲಿ ಒತ್ತಡ ಸಮವಾಗಿರದೆ ಮೊದಲಲ್ಲಿಯೇ ಶಿಖರಕ್ಕೇರಿ ಅನಂತರ ಇಳಿಯುತ್ತದೆ. ಈ ಶಿಖರಕ್ಕೆ ಅಮೆರಿಕದ ತಯಾರಕರ ಸಂಸ್ಥೆ ವಿಧಿಸಿರುವ ಮಿತಿ ಚದರಂಗುಲಕ್ಕೆ 17,000 ಪೌಂಡು, ಅಂದರೆ ವಾಯುಮಂಡಲದ ಸುಮಾರು 1,150 ಪಟ್ಟು. ಕೈಯಿಂದ ಒಂದು ಅಡಿ ದೂರದಲ್ಲಿಯೂ ಇಲ್ಲದ ಲೋಹದ ಗೂಡೊಂದು ಇಷ್ಟನ್ನು ತಡೆದು ನಿಲ್ಲುತ್ತಿದೆ ಎಂಬುದನ್ನು ನೆನೆದರೆ ತೂಕದ ಬಗೆಗಿನ ಕಟ್ಟುನಿಟ್ಟು ಅತಿಯೆನಿಸದು.

ಒದೆತದ ಲೆಕ್ಕ ಇನ್ನೂ ಸ್ವಾರಸ್ಯವಾದುದು. ರಿವಾಲ್ವರಿನ ತೂಕ ಒಂದು ಕಿಲೋಗ್ರಾಮಾದರೆ ಅದು ಗುಂಡಿನ ನೂರು ಪಟ್ಟು. ಸಂವೇಗ ಎರಡಕ್ಕೂ ಸಮವಾಗಿರಬೇಕಾದುದರಿಂದ, ಅನಿಲದ ಪಾಲನ್ನು ಬಿಟ್ಟರೆ, ರಿವಾಲ್ವರು ಹಿಂದಕ್ಕೆ ಸೆಕೆಂಡಿಗೆ 2.3 ಮೀಟರು ವೇಗದಿಂದ ಚಿಮ್ಮುತ್ತದೆ. ಗುಂಡು 15 ಸೆಂಟಿಮೀಟರು ಸಾಗಿ ಹೊರಬೀಳುವ ಹೊತ್ತಿಗೆ ರಿವಾಲ್ವರು ಹಿಂದೆ ಸರಿಯುವುದು ಇದರ ನೂರರ ಒಂದು ಪಾಲು—ಒಂದೂವರೆ ಮಿಲಿಮೀಟರು ಮಾತ್ರ! ಕೈಗೆ ಪೆಟ್ಟು ತಾಗಿದುದು ಮನಸ್ಸಿಗೆ ತಿಳಿಯಲು ಸೆಕೆಂಡಿನ ಹತ್ತರ ಒಂದು ಪಾಲಿಗೂ ಹೆಚ್ಚು ಕಾಲ ಬೇಕು. ಅಷ್ಟರಲ್ಲಿ ಗುಂಡು ಗುರಿಯನ್ನು ಮುಟ್ಟಿರುತ್ತದೆ. ಹಾಗಾದರೆ ಒದೆತಕ್ಕೆ ಹೆದರಿ ಕೈ ಬಿಗಿದು ಗುರಿ ತಪ್ಪುವುದು ಹೇಗೆ? ಒದೆತ ಬಂದಾಗ ಅಲ್ಲ, ಬರುವುದೆಂದು ಕಾದಾಗ! ಅಭ್ಯಾಸಿಗೆ ತಿಳಿಯದಂತೆ ಶಿಕ್ಷಕನು ತೋಟಾಗಳ ನಡುವೆ ಒಂದು ಹುಸಿ ತೋಟಾವನ್ನು ಸೇರಿಸುವ ಪದ್ಧತಿಯಿದೆ. ಆ ಸರದಿ ಬಂದಾಗ ಶಬ್ದವೂ ಇಲ್ಲ, ಒದೆತವೂ ಇಲ್ಲ. ಆದರೂ ನಳಿಕೆಯ ಮೂತಿ ಕೆಳಕ್ಕೆ ಬಾಗುವುದು ಎಲ್ಲರ ಕಣ್ಣಿಗೂ ಕಾಣುತ್ತದೆ.

ವೇಗವನ್ನು ಅಳೆದವನು

ಗುಂಡಿನ ವೇಗವನ್ನು ನಂಬತಕ್ಕ ರೀತಿಯಲ್ಲಿ ಅಳೆಯುವ ಉಪಾಯವನ್ನು ಮೊದಲು ಪ್ರಕಟಿಸಿದವನು ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್, 1742ರಲ್ಲಿ. ಅವನ ಗ್ರಂಥವನ್ನು ಮಹಾಗಣಿತಜ್ಞ ಆಯ್ಲರನೇ ಜರ್ಮನ್ ಭಾಷೆಗೆ ತಂದು ಟಿಪ್ಪಣಿ ಬರೆದನು. ರಾಬಿನ್ಸ್ ಮುಂದೆ ಈಸ್ಟ್ ಇಂಡಿಯಾ ಕಂಪನಿಯ ಕೆಲಸದ ಮೇಲೆ ಭಾರತಕ್ಕೆ ಬಂದು, 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡನು. ಅವನ ಉಪಾಯ ಇಷ್ಟೆ: ತೂಗುಹಾಕಿದ ಮರದ ದಿಮ್ಮಿಗೆ ಗುಂಡು ಹೊಡೆಯುವುದು, ದಿಮ್ಮಿ ಎಷ್ಟು ತೂಗಿತೆಂದು ನೋಡುವುದು. ನಮ್ಮ 10 ಗ್ರಾಮಿನ ಗುಂಡು 5 ಕಿಲೋಗ್ರಾಮಿನ ದಿಮ್ಮಿಯಲ್ಲಿ ಹುದುಗಿದರೆ ದಿಮ್ಮಿಗೆ ಬರುವ ವೇಗ ಸೆಕೆಂಡಿಗೆ 46 ಸೆಂಟಿಮೀಟರು. ಅದು ಏರುವ ಎತ್ತರ ಸುಮಾರು ಒಂದು ಸೆಂಟಿಮೀಟರು. ಕಣ್ಣಿಗೆ ಕಾಣದ ವೇಗ ಅಳತೆಪಟ್ಟಿಗೆ ಸಿಕ್ಕಿತು! ಇಲ್ಲಿ ಸಂವೇಗ ಉಳಿಯುತ್ತದೆ, ಚಲನಶಕ್ತಿ ಉಳಿಯುವುದಿಲ್ಲ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. 265 ಜೌಲುಗಳಲ್ಲಿ ದಿಮ್ಮಿಯನ್ನು ಎತ್ತಿದುದು ಅರ್ಧ ಜೌಲಿನಷ್ಟು ಮಾತ್ರ. ಉಳಿದುದು ಮರವನ್ನು ಸೀಳಿ ಶಾಖವಾಯಿತು.

ಇಂದಿನ ಹವ್ಯಾಸಿಯ ಬಳಿ ಲೋಲಕದ ಬದಲು ಎರಡು ಬೆಳಕಿನ ಕಣ್ಣುಗಳುಳ್ಳ ಕಾಲಮಾಪಕವಿದೆ. ಗುಂಡಿನ ನೆರಳು ಒಂದರಿಂದ ಇನ್ನೊಂದಕ್ಕೆ ಸರಿಯಲು ಹಿಡಿದ ಕಾಲದಿಂದ ವೇಗ ತಿಳಿಯುತ್ತದೆ. ಹತ್ತು ಗುಂಡುಗಳನ್ನು ಹೊಡೆದು ಸರಾಸರಿಯನ್ನೂ ಅದರಿಂದ ಪ್ರತಿಯೊಂದೂ ಎಷ್ಟು ಸರಿದಿದೆಯೆಂಬುದನ್ನೂ ಅವನು ಬರೆದಿಡುತ್ತಾನೆ. ಸರಾಸರಿಗಿಂತ ಈ ಸರಿತದ ಮೇಲೆಯೇ ಅವನ ಕಣ್ಣು. ಹೆಚ್ಚು ವೇಗದ ತೋಟಾ ಅವನಿಗೆ ಬೇಕಿಲ್ಲ; ಒಂದರಂತೆ ಇನ್ನೊಂದಿರುವ ತೋಟಾ ಬೇಕು.

ತಪ್ಪು ಎಲ್ಲಿದೆ?

ಮೊದಲಲ್ಲಿ ಎತ್ತಿದ ಪ್ರಶ್ನೆಗೆ ಈಗ ಬರೋಣ. ಸೆಕೆಂಡಿಗೆ 240 ಮೀಟರಿನ ಗುಂಡು 25 ಮೀಟರು ಸಾಗುವಷ್ಟರಲ್ಲಿ ಗುರುತ್ವದಿಂದ 5.3 ಸೆಂಟಿಮೀಟರು ಕೆಳಗಿಳಿಯುತ್ತದೆ. 220 ಮೀಟರಿನದು 6.3 ಸೆಂಟಿಮೀಟರು ಇಳಿಯುತ್ತದೆ. ವೇಗದಲ್ಲಿ ಇಷ್ಟು ದೊಡ್ಡ ವ್ಯತ್ಯಾಸವಿದ್ದರೂ ಇಳಿತದ ಅಂತರ ಒಂದೇ ಸೆಂಟಿಮೀಟರು. 25 ಮೀಟರಿನ ಗುರಿಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 5 ಸೆಂಟಿಮೀಟರು. ಅಂದರೆ ತೋಟಾದ ಈ ದೋಷ ವೃತ್ತದೊಳಗೆಯೇ ಅಡಗಿಹೋಗಬಲ್ಲದು.

ಕೈಯ ದೋಷವನ್ನು ನೋಡಿ. ನಳಿಕೆಯ ಮೂತಿಯ ಮೇಲೆ ಒಂದು ಗುರಿಮೊನೆ, ಹಿಂದೆ ಒಂದು ಗುರಿಕಚ್ಚು ಇರುತ್ತವೆ. ಮೊನೆಯನ್ನು ಕಚ್ಚಿನ ನಡುವೆ ಸಮವಾಗಿ ನಿಲ್ಲಿಸಬೇಕು. ಇವೆರಡರ ಅಂತರ 20 ಸೆಂಟಿಮೀಟರೆನ್ನಿ. ಮೊನೆ ಒಂದು ಮಿಲಿಮೀಟರು ಪಕ್ಕಕ್ಕೆ ಸರಿದರೆ, ಸಮರೂಪ ತ್ರಿಕೋನಗಳ ನಿಯಮದಂತೆ, 25 ಮೀಟರಿನಲ್ಲಿ ಗುಂಡು ಹನ್ನೆರಡೂವರೆ ಸೆಂಟಿಮೀಟರು ಪಕ್ಕಕ್ಕೆ ಹೋಗುತ್ತದೆ. ಎರಡು ಹಾಳೆ ಕಾಗದದ ದಪ್ಪದಷ್ಟು, 0.2 ಮಿಲಿಮೀಟರು, ಸರಿದರೂ ಹತ್ತರ ವೃತ್ತದ ಅಂಚಿಗೆ ಬಂದಂತಾಯಿತು. ತಕ್ಕಡಿಯ ಮುಂದೆ ಗಂಟೆಗಟ್ಟಲೆ ಕುಳಿತು ಉಳಿಸಿದ ಅರ್ಧ ಸೆಂಟಿಮೀಟರನ್ನು ಬೆರಳಿನ ಒಂದು ಅವಸರ ಇಪ್ಪತ್ತು ಪಟ್ಟಾಗಿ ಕಳೆದುಬಿಡುತ್ತದೆ! ಆದ್ದರಿಂದ ಹೊಸಬನಿಗೆ ಮರುತುಂಬಿಕೆಯ ನಿಜವಾದ ಲಾಭ ಸೂಕ್ಷ್ಮತೆಯಲ್ಲ. ಅದೇ ಹಣದಲ್ಲಿ ಹೆಚ್ಚು ತೋಟಾ ದೊರೆತು ಹೆಚ್ಚು ಅಭ್ಯಾಸ ನಡೆಯುವುದೇ ಲಾಭ.

ಎಲ್ಲಿಂದ ಆರಂಭ?

ಹಾಗಾದರೆ ನಮ್ಮ ದೇಶದ ವಿದ್ಯಾರ್ಥಿಯು ಏನು ಮಾಡಬೇಕು? 1959ರ ಆಯುಧ ಕಾನೂನಿನ ಪ್ರಕಾರ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಅಮೆರಿಕದ ಹವ್ಯಾಸವನ್ನು ಇಲ್ಲಿ ಅಡುಗೆಮನೆಯ ಮೇಜಿನ ಮೇಲೆ ಅನುಕರಿಸುವಂತಿಲ್ಲ. ಮೇಲಿನ ಒತ್ತಡದ ಲೆಕ್ಕವನ್ನು ನೋಡಿದವರಿಗೆ ಆ ಕಾನೂನಿನ ಔಚಿತ್ಯವೂ ತಿಳಿಯುತ್ತದೆ. ಆದರೆ ಲೆಕ್ಕದ ಇನ್ನೊಂದು ಪಾಠ ನಮಗೆ ಅನುಕೂಲವಾಗಿದೆ. ಕಲೆ ಇರುವುದು ಕೈಯಲ್ಲಾದರೆ, ಅದನ್ನು ಕಲಿಯಲು ಮದ್ದೇ ಬೇಕಾಗಿಲ್ಲ!

10 ಮೀಟರಿನ ಗಾಳಿ ಪಿಸ್ತೂಲನ್ನು ತೆಗೆದುಕೊಳ್ಳಿ. ಅದರ 4.5 ಮಿಲಿಮೀಟರಿನ ಸೀಸದ ಗುಂಡಿನ ತೂಕ ಸುಮಾರು ಅರ್ಧ ಗ್ರಾಮು, ವೇಗ ಸೆಕೆಂಡಿಗೆ ಸುಮಾರು 150 ಮೀಟರು, ಶಕ್ತಿ 6 ಜೌಲಿಗೂ ಕಡಿಮೆ. ಒದೆತ ಇಲ್ಲವೆಂದೇ ಹೇಳಬಹುದು. ಆದರೆ ಹತ್ತರ ವೃತ್ತದ ವ್ಯಾಸ 11.5 ಮಿಲಿಮೀಟರು, ಕೋನದಲ್ಲಿ ಅಳೆದರೆ ಇದು 25 ಮೀಟರಿನ ಗುರಿಗಿಂತಲೂ ಕಿರಿದು. ಒಂದೇ ಕೈಯಿಂದ ಹಿಡಿದು 75 ನಿಮಿಷಗಳಲ್ಲಿ 60 ಗುಂಡುಗಳನ್ನು ಹೊಡೆಯಬೇಕು. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಮನು ಭಾಕರ್ ಈ ಸ್ಪರ್ಧೆಯಲ್ಲಿಯೇ ಕಂಚಿನ ಪದಕ ಪಡೆದು, ಒಲಿಂಪಿಕ್ ಗುರಿಸ್ಪರ್ಧೆಯಲ್ಲಿ ಪದಕ ಗೆದ್ದ ಮೊದಲ ಭಾರತೀಯ ಮಹಿಳೆಯಾದರು. 2008ರಲ್ಲಿ ಅಭಿನವ್ ಬಿಂದ್ರಾ ಬೀಜಿಂಗಿನಲ್ಲಿ ಗೆದ್ದ ಚಿನ್ನವೂ ಗಾಳಿ ರೈಫಲ್ಲಿನದೇ.

ಕಲಿಯಬಯಸುವವರು ತರಬೇತುದಾರರಿರುವ ಕ್ಲಬ್ಬನ್ನು ಸೇರಿ, ಅವರ ಕಣ್ಣೆದುರಿನಲ್ಲಿ ಆರಂಭಿಸಬೇಕು. ಆಯುಧ ಯಾವುದಾದರೂ ನಿಯಮಗಳು ಒಂದೇ. ಅದು ತುಂಬಿದೆಯೆಂದೇ ಭಾವಿಸಬೇಕು. ಮೂತಿಯನ್ನು ಗುರಿಯ ಕಡೆಗಲ್ಲದೆ ಬೇರೆಡೆಗೆ ತಿರುಗಿಸಬಾರದು. ಹೊಡೆಯುವ ನಿಶ್ಚಯವಾಗುವವರೆಗೆ ಬೆರಳು ಟ್ರಿಗರನ್ನು ಮುಟ್ಟಬಾರದು. ಕಣ್ಣಿಗೆ ಕನ್ನಡಕ ಬೇಕು. ಮದ್ದಿನ ಆಯುಧವಾದರೆ ಕಿವಿಗೆ ಮುಚ್ಚಳವೂ ಬೇಕು, ಏಕೆಂದರೆ ಅದರ ಶಬ್ದ 140 ಡೆಸಿಬೆಲ್ಲನ್ನು ಮೀರುತ್ತದೆ, ಒಮ್ಮೆ ಕೆಟ್ಟ ಕಿವಿ ಸರಿಹೋಗುವುದಿಲ್ಲ.

ಜೊತೆಗೆ ಒಂದು ಟಿಪ್ಪಣಿ ಪುಸ್ತಕವನ್ನಿಡಿ. ಪ್ರತಿ ಗುಂಡು ಎಲ್ಲಿ ಬಿತ್ತು, ಆಗ ಉಸಿರು, ನಿಲುವು, ಬೆರಳು ಹೇಗಿದ್ದವು ಎಂದು ಬರೆಯಿರಿ. ಎಲ್ಲ ಗುಂಡುಗಳೂ ಒಟ್ಟಾಗಿ ಎಡಕ್ಕೆ ಬಿದ್ದರೆ ಅದು ಒಂದು ಬಗೆಯ ದೋಷ. ಗುರಿಕಚ್ಚನ್ನು ತಿರುಗಿಸಿ ತಿದ್ದಬಹುದು. ನಾಲ್ಕೂ ಕಡೆ ಚದುರಿ ಬಿದ್ದರೆ ಅದು ಬೇರೆ ಬಗೆ. ಅದನ್ನು ಯಾವ ತಿರುಪೂ ತಿದ್ದಲಾರದು, ಅಭ್ಯಾಸವೊಂದೇ ತಿದ್ದಬೇಕು. ಪ್ರಯೋಗಶಾಲೆಯಲ್ಲಿ ನಾವು ಕಲಿಸುವ ನಿಯತ ದೋಷ, ಯಾದೃಚ್ಛಿಕ ದೋಷ ಎಂಬ ಭೇದ ಇದೇ. ಗುರಿಯ ಕಾಗದದ ಮೇಲೆ ಅದು ತೂತುಗಳಾಗಿ ಕಾಣುತ್ತದೆ, ಅಷ್ಟೆ.